ವಿಕ್ಟರ್ ಬಾನ್ನಿ: ಗರ್ಭಕೋಶವನ್ನು ಉಳಿಸಿದ ಶಸ್ತ್ರವೈದ್ಯ

ಕಾಲೇಜಿನ ವಾರ್ಷಿಕ ಸಂಚಿಕೆಗಳಲ್ಲಿ ಮಹಾಪುರುಷರ ಜೀವನಚರಿತ್ರೆಗಳಿಗೆ ಬರವಿಲ್ಲ. ರಾಜರು, ಕವಿಗಳು, ಸಂತರು, ರಾಷ್ಟ್ರನಾಯಕರು ವರ್ಷವರ್ಷವೂ ಈ ಪುಟಗಳಲ್ಲಿ ಹುಟ್ಟಿ ಬೆಳೆದು ಕೀರ್ತಿಶೇಷರಾಗುತ್ತಾರೆ. ವೈದ್ಯರ ಸರದಿ ಬಂದರೆ ಲಿಸ್ಟರ್ ಅಥವಾ ಪಾಶ್ಚರ್. ಈ ಸಲ ನಾನು ಆರಿಸಿಕೊಂಡವನ ಹೆಸರು ವೈದ್ಯಲೋಕದಲ್ಲಿ ಮನೆಮಾತಾದರೂ ನಮ್ಮಂಥ ಕಲಾ ಕಾಲೇಜಿನವರ ಕಿವಿಗೆ ಬಿದ್ದಿರುವುದು ಕಡಿಮೆ. ಆತನ ಕಾರ್ಯಕ್ಷೇತ್ರವೋ ಸ್ತ್ರೀಯರ ಗರ್ಭಕೋಶ. ಇಂಥ ವಿಷಯವನ್ನು ಸಂಚಿಕೆಯಲ್ಲಿ ಬರೆಯಬಹುದೇ ಎಂದು ಹುಬ್ಬೇರಿಸುವವರು ಇರಬಹುದು. ನಮ್ಮೆಲ್ಲರ ಮೊದಲನೆಯ ಮನೆಯ ಬಗ್ಗೆ ತಿಳಿದುಕೊಳ್ಳುವುದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ವಿಲಿಯಂ ಫ್ರಾನ್ಸಿಸ್ ವಿಕ್ಟರ್ ಬಾನ್ನಿ 1872ರ ಡಿಸೆಂಬರಿನಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜನಿಸಿದನು. ತಂದೆಯೂ ವೈದ್ಯನೇ. ಮನೆಯಲ್ಲಿ ಔಷಧಿಯ ವಾಸನೆ ಹುಟ್ಟಿನಿಂದಲೇ ಪರಿಚಿತವಾದ್ದರಿಂದ ಮಗನೂ ಅದೇ ದಾರಿ ಹಿಡಿದುದು ಆಶ್ಚರ್ಯವಲ್ಲ. ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ವಿದ್ಯಾಭ್ಯಾಸ ಮಾಡಿ, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ವೈದ್ಯ ಮತ್ತು ಶಸ್ತ್ರವೈದ್ಯ ಪದವಿಗಳನ್ನು ಗಳಿಸಿದನು. ಮುಂದೆ ಆತನ ಬಾಳೆಲ್ಲವೂ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಮತ್ತು ಚೆಲ್ಸಿಯ ಮಹಿಳಾ ಆಸ್ಪತ್ರೆ ಇವೆರಡರ ಸುತ್ತಲೇ ಹೆಣೆದುಕೊಂಡಿತು. ಮಿಡ್ಲ್‌ಸೆಕ್ಸಿನಲ್ಲಿ ಆಗ ಜಾನ್ ಬ್ಲಾಂಡ್-ಸಟ್ಟನ್ ಎಂಬ ಪ್ರಖ್ಯಾತ ಶಸ್ತ್ರವೈದ್ಯನಿದ್ದನು. ಗರ್ಭಕೋಶವನ್ನು ತೆಗೆದುಹಾಕುವ ಹಿಸ್ಟರೆಕ್ಟಮಿ ಶಸ್ತ್ರಕ್ರಿಯೆಯಲ್ಲಿ ಆತನು ಸಿದ್ಧಹಸ್ತ. ತರುಣ ಬಾನ್ನಿ ಕಣ್ಣು ತೆರೆದು ನೋಡಿ ಕಲಿತದ್ದು ಇಂಥ ವಾತಾವರಣದಲ್ಲಿ.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ ರೋಗದ ವಿಚಾರವನ್ನು ಹೇಳಬೇಕು. ಇಲ್ಲದಿದ್ದರೆ ಬಾನ್ನಿಯ ದೊಡ್ಡತನ ಅರ್ಥವಾಗಲಾರದು. ಗರ್ಭಕೋಶವು ದಪ್ಪ ಸ್ನಾಯುವಿನ ಚೀಲ. ಆ ಸ್ನಾಯುವಿನಲ್ಲೇ ಕೆಲವೊಮ್ಮೆ ಗಂಟುಗಳು ಹುಟ್ಟಿ ಬೆಳೆಯುತ್ತವೆ. ಇವೇ ನಾರುಗಡ್ಡೆಗಳು, ಆಸ್ಪತ್ರೆಯ ಮಾತಿನಲ್ಲಿ ಫೈಬ್ರಾಯ್ಡ್. ಗಡ್ಡೆ ಎಂದ ಕೂಡಲೆ ಕ್ಯಾನ್ಸರೆಂದು ಎದೆ ನಡುಗಬೇಕಾಗಿಲ್ಲ. ಇವು ಸಾಧು ಗಡ್ಡೆಗಳು. ಪಕ್ಕದ ಅಂಗಗಳನ್ನು ಕೊರೆದು ತಿನ್ನುವುದಿಲ್ಲ, ಮೈಯಲ್ಲೆಲ್ಲ ಹರಡುವುದಿಲ್ಲ. ನಿಜವಾಗಿ ದುಷ್ಟವಾದದ್ದು ಇವುಗಳ ನಡುವೆ ಅತಿ ವಿರಳ. ಐವತ್ತು ವಯಸ್ಸಿನೊಳಗೆ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚಿಕ್ಕದೋ ದೊಡ್ಡದೋ ಒಂದಾದರೂ ಇರುತ್ತದೆ. ಬಹುಪಾಲು ಮಂದಿಗೆ ಅದರ ಸುಳಿವೇ ಇರುವುದಿಲ್ಲ. ಮುಟ್ಟು ನಿಂತ ಮೇಲೆ ಗಡ್ಡೆಗಳು ಸಾಮಾನ್ಯವಾಗಿ ತಾವಾಗಿಯೇ ಕುಗ್ಗುತ್ತವೆ.

ತೊಂದರೆ ಗಾತ್ರಕ್ಕಿಂತ ಹೆಚ್ಚಾಗಿ ಸ್ಥಾನದಿಂದ ಬರುತ್ತದೆ. ಹೊರಮೈಗೆ ಜೋತುಬಿದ್ದ ದೊಡ್ಡ ಗಡ್ಡೆ ಸುಮ್ಮನಿದ್ದೀತು. ಒಳಪೊರೆಯ ಕೆಳಗೆ ಕುಳಿತ ಗೋಲಿಯಷ್ಟು ಗಡ್ಡೆ ತಿಂಗಳು ತಿಂಗಳೂ ರಕ್ತವನ್ನು ಹರಿಸಿ ಹೆಂಗಸನ್ನು ಬಿಳಿಚಿಸಿಬಿಟ್ಟೀತು. ಕೆಲವರಿಗೆ ಗರ್ಭ ನಿಲ್ಲದು. ಮೂತ್ರಕೋಶದ ಮೇಲೆ ಒತ್ತಿದರೆ ಇನ್ನೊಂದು ಬಗೆಯ ಹಿಂಸೆ.

ಇದಕ್ಕೆ ಆ ಕಾಲದ ಶಸ್ತ್ರವೈದ್ಯರು ಕಂಡುಕೊಂಡಿದ್ದ ಪರಿಹಾರ ಸರಳವಾದುದು: ಗಡ್ಡೆಯಿರುವ ಗರ್ಭಕೋಶವನ್ನೇ ತೆಗೆದುಬಿಡುವುದು. ಇಲಿಗಾಗಿ ಮನೆ ಸುಟ್ಟ ಗಾದೆಯಂತಾಯಿತು ಎಂದು ನಗಬಾರದು, ಅವರಿಗೂ ಕಾರಣಗಳಿದ್ದವು. ಗಡ್ಡೆಯನ್ನು ಮಾತ್ರ ಕಿತ್ತು ಗರ್ಭಕೋಶವನ್ನು ಉಳಿಸುವ ಮಯೋಮೆಕ್ಟಮಿ ಎಂಬ ಕ್ರಿಯೆ ಅವರಿಗೆ ತಿಳಿಯದ್ದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಆಟ್ಲೀ ಸೋದರರು 1844ರಲ್ಲಿಯೇ, ಈಥರಿನ ಅರಿವಳಿಕೆ ಬಳಕೆಗೆ ಬರುವುದಕ್ಕೆ ಎರಡು ವರ್ಷ ಮೊದಲೇ, ಹೊಟ್ಟೆಯನ್ನು ತೆರೆದು ಇಂಥ ಗಡ್ಡೆಯನ್ನು ತೆಗೆದಿದ್ದರು. ಲಿವರ್‌ಪೂಲಿನ ವಿಲಿಯಂ ಅಲೆಕ್ಸಾಂಡರ್ 1898ರಲ್ಲಿ ಈ ಪದ್ಧತಿಯ ಪರವಾಗಿ ಬರೆದಿದ್ದನು. ಆದರೆ ಗರ್ಭಕೋಶದ ಗೋಡೆ ರಕ್ತನಾಳಗಳ ಜಾಲ. ಅದನ್ನು ಕೊಯ್ದರೆ ರಕ್ತ ಉಕ್ಕುತ್ತದೆ. ಗಡ್ಡೆ ಬಿಟ್ಟುಹೋದ ಪೊಳ್ಳಿನಲ್ಲಿ ರಕ್ತ ನಿಂತು ಕೀವಾಗುತ್ತದೆ. ಗಾಯಕ್ಕೆ ಕರುಳು ಅಂಟಿಕೊಳ್ಳುತ್ತದೆ. ಪೆನಿಸಿಲಿನ್ ಇರಲಿಲ್ಲ, ಬೇಕೆಂದಾಗ ರಕ್ತ ಕೊಡುವ ವ್ಯವಸ್ಥೆಯೂ ಇರಲಿಲ್ಲ. ಅಂಗವನ್ನು ಪೂರ್ತಿಯಾಗಿ ತೆಗೆಯುವುದಾದರೆ ನಾಲ್ಕಾರು ರಕ್ತನಾಳಗಳನ್ನು ಕಟ್ಟಿದರೆ ಮುಗಿಯಿತು. ರೋಗಿ ಬದುಕುವ ಸಂಭವವೂ ಹೆಚ್ಚು. ಹೀಗಿರುವಾಗ ಕಷ್ಟದ ದಾರಿಯನ್ನು ಹಿಡಿಯುವವರು ಯಾರು? ಹೆಂಗಸಿಗೆ ಜೀವ ಉಳಿಯಿತಲ್ಲ, ಸಾಲದೇ ಎಂಬ ಮನೋಭಾವ ಬೆಳೆದುದರಲ್ಲಿ ವಿಶೇಷವೇನೂ ಇಲ್ಲ.

ಸಾಲದು ಎಂಬುದು ಬಾನ್ನಿಗೆ ತನ್ನ ಮನೆಯಲ್ಲಿಯೇ ತಿಳಿಯಬೇಕಾಗಿತ್ತು. 1905ರಲ್ಲಿ ಆತನು ಟಾಸ್ಮೇನಿಯದ ವೈದ್ಯನೊಬ್ಬನ ಮಗಳಾದ ಆನಿ ಆಪಲ್‌ಯಾರ್ಡ್ ಎಂಬವಳನ್ನು ವಿವಾಹವಾದನು. ಮದುವೆಯಾದ ಕೆಲಕಾಲದಲ್ಲಿಯೇ ಆಕೆಗೆ ನಾರುಗಡ್ಡೆಯ ಉಪದ್ರವ ಕಾಣಿಸಿಕೊಂಡಿತು. ರಕ್ತಸ್ರಾವದಿಂದ ಆಕೆ ಬಲಹೀನಳಾದಳು. ಅಂದಿನ ವೈದ್ಯಶಾಸ್ತ್ರಕ್ಕೆ ಗೊತ್ತಿದ್ದ ಕ್ರಮವನ್ನೇ ಅನುಸರಿಸಿ ಆಕೆಯ ಗರ್ಭಕೋಶವನ್ನು ತೆಗೆದುಹಾಕಲಾಯಿತು. ಆಕೆ ಬದುಕಿದಳು. ಅವರಿಗೆ ಮಕ್ಕಳಾಗಲಿಲ್ಲ.

ಸ್ತ್ರೀರೋಗ ಶಸ್ತ್ರವೈದ್ಯನ ಮನೆಯಲ್ಲಿಯೇ ಹೀಗಾದುದು ವಿಧಿಯ ವಿಡಂಬನೆ ಎನ್ನಬೇಕು. ಆ ದಂಪತಿಗಳು ಏಕಾಂತದಲ್ಲಿ ಏನು ಮಾತನಾಡಿಕೊಂಡರೋ, ಅದನ್ನು ಕಲ್ಪಿಸಲು ಹೋಗುವುದು ಚರಿತ್ರಕಾರನ ಕೆಲಸವಲ್ಲ. ಬಾನ್ನಿಯ ಮುಂದಿನ ನಾಲ್ಕು ದಶಕಗಳ ಕೆಲಸವನ್ನು ನೋಡಿದರೆ ಸಾಕು. ಸಾಧು ಗಡ್ಡೆಯೊಂದಕ್ಕಾಗಿ ಮಕ್ಕಳ ಆಸೆಯುಳ್ಳ ಹೆಂಗಸಿನ ಗರ್ಭಕೋಶವನ್ನು ಕಳೆಯುವುದು ಚಿಕಿತ್ಸೆಯ ಸೋಲೆಂದೇ ಆತನು ತಿಳಿದನು. ರೋಗವನ್ನು ಕಳೆದು ಅಂಗವನ್ನೂ ಅದರ ಧರ್ಮವನ್ನೂ ಉಳಿಸಿದಾಗಲೇ ಶಸ್ತ್ರವಿದ್ಯೆ ತನ್ನ ಎತ್ತರವನ್ನು ಮುಟ್ಟಿದಂತೆ ಎಂಬುದು ಆತನ ನಿಲುವಾಯಿತು.

ನಿಲುವು ಸುಲಭ, ಕೈಕೆಲಸ ಕಷ್ಟ. ಬಾನ್ನಿಯ ಹಿರಿಮೆ ಇರುವುದು ಕೈಕೆಲಸದಲ್ಲಿ. ಮೊದಲನೆಯ ಶತ್ರು ರಕ್ತಸ್ರಾವವಷ್ಟೆ. ಗರ್ಭಕೋಶಕ್ಕೆ ರಕ್ತವನ್ನು ತರುವ ಮುಖ್ಯ ನಾಳಗಳು ಅದರ ಕೆಳಭಾಗದ ಎರಡು ಪಕ್ಕಗಳಲ್ಲಿ ಏರಿ ಬರುತ್ತವೆ. ಆ ಜಾಗವನ್ನು ಮುಂಭಾಗದಿಂದ ಅಡ್ಡಲಾಗಿ ತಬ್ಬಿ ಹಿಡಿಯುವಂಥ ಒಂದು ಇಕ್ಕಳವನ್ನು ಆತನು ರಚಿಸಿದನು. ಬಾನ್ನಿ ಕ್ಲ್ಯಾಂಪ್ ಎಂದು ಲೋಕಪ್ರಸಿದ್ಧವಾದುದು ಇದೇ. ಇಕ್ಕಳ ಜಾರಿಹೋಗದಂತೆ ಅದು ಗರ್ಭಕೋಶದ ಎರಡು ಪಕ್ಕದ ದುಂಡು ಬಂಧನಿಗಳನ್ನೂ ಸೇರಿಸಿ ಹಿಡಿಯುತ್ತದೆ. ಅಂಡಾಶಯದ ಕಡೆಯಿಂದ ಬರುವ ರಕ್ತವನ್ನು ಬೇರೆ ಉಂಗುರದ ಇಕ್ಕಳಗಳಿಂದ ತಡೆಯಬೇಕು. ತೋಟಕ್ಕೆ ನೀರು ಹಾಯಿಸುವವನು ಕಾಲುವೆಯ ತೂಬನ್ನು ಮುಚ್ಚಿ ಮಡಿಯನ್ನು ಸರಿಪಡಿಸಿಕೊಳ್ಳುವಂತೆ, ಕೆಲಸ ಮುಗಿಯುವವರೆಗೆ ಮಾತ್ರ ಪ್ರವಾಹವನ್ನು ನಿಲ್ಲಿಸಿ ಮತ್ತೆ ಬಿಡುವುದು. ಯೋಚನೆ ಬಲು ಸರಳ. ಇಂಥ ಸರಳವಾದುದು ಹೊಳೆಯುವುದಕ್ಕೆ ಒಬ್ಬ ಬಾನ್ನಿಯೇ ಬೇಕಾಯಿತು.

ಎರಡನೆಯದು ಕೊಯ್ಯುವ ಕ್ರಮ. ನಾರುಗಡ್ಡೆ ಸುತ್ತಣ ಸ್ನಾಯುವಿನೊಡನೆ ಬೆರೆತುಹೋಗಿರುವುದಿಲ್ಲ. ಸುತ್ತಲಿನ ಸ್ನಾಯು ಒತ್ತಡದಿಂದ ತೆಳುವಾಗಿ ಒಂದು ಕೋಶದಂತೆ ಅದನ್ನು ಮುಚ್ಚಿಕೊಂಡಿರುತ್ತದೆ. ಈ ಕೋಶಕ್ಕೂ ಗಡ್ಡೆಗೂ ನಡುವಣ ಪದರವನ್ನು ಸರಿಯಾಗಿ ಹಿಡಿದರೆ, ಬಲಿತ ಕೊಬ್ಬರಿಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳುವಂತೆ ಗಡ್ಡೆ ಇಡಿಯಾಗಿ ಎದ್ದುಬರುತ್ತದೆ. ಪದರ ತಪ್ಪಿದರೆ ಮಾತ್ರ ರಕ್ತ ಮತ್ತು ಗೊಂದಲ. ಹತ್ತು ಗಡ್ಡೆಗಳಿದ್ದರೆ ಹತ್ತು ಕಡೆ ಕೊಯ್ಯುವುದು ಬಾನ್ನಿಗೆ ಒಪ್ಪಿಗೆಯಿರಲಿಲ್ಲ. ಗರ್ಭಕೋಶದ ಮುಂಭಾಗದ ನಡುವೆ ಒಂದೇ ಸೀಳು. ಅದರೊಳಗಿನಿಂದಲೇ ಸುರಂಗ ತೋಡಿದಂತೆ ಅತ್ತಿತ್ತಲಿನ ಗಡ್ಡೆಗಳನ್ನು ಹೊರಕ್ಕೆ ತೆಗೆಯುವುದು. ಹೊರಮೈಯ ಗಾಯ ಕಡಿಮೆಯಾದಷ್ಟೂ ಕರುಳು ಅಂಟಿಕೊಳ್ಳುವ ಅಪಾಯ ಕಡಿಮೆ. ಮುಂಭಾಗದ ಗಾಯಕ್ಕಂತೂ ಹಿಂಭಾಗದ ಗಾಯಕ್ಕಿರುವಷ್ಟು ಭಯವಿಲ್ಲ. ಬಳಿಕ ಉಳಿದ ಪೊಳ್ಳುಗಳನ್ನು ತಳದಿಂದ ಪದರಪದರವಾಗಿ ಹೊಲಿದು ಮುಚ್ಚಬೇಕು. ಇದಕ್ಕೆ ಹಿಡಿಯುವ ಹೊತ್ತು ಬಹಳ. ಅವಸರದವರಿಗೆ ಈ ವಿದ್ಯೆ ಒಲಿಯದು.

ಗಡ್ಡೆ ಹಿಂಭಾಗದ ಗೋಡೆಯಲ್ಲಿಯೇ ಇದ್ದರೆ ಏನು ಮಾಡಬೇಕು? ಇದಕ್ಕೆ ಬಾನ್ನಿಯ ಉತ್ತರ ಬಹಳ ಸೊಗಸಾದುದು. ಗರ್ಭಕೋಶದ ನೆತ್ತಿಯ ಬಳಿ ಅಡ್ಡಲಾಗಿ ಕೊಯ್ದು ಗಡ್ಡೆಯನ್ನು ತೆಗೆದಮೇಲೆ, ಹಿಂದೆ ಜೋಲುಬೀಳುವ ಕೋಶದ ಭಾಗವನ್ನು ನೆತ್ತಿಯ ಮೇಲಿನಿಂದ ಮುಂದಕ್ಕೆ ಎಳೆದು, ಮುಂಭಾಗದಲ್ಲಿ ಕೆಳಗೆ ಹೊಲಿಯುವುದು. ಮಳೆಗಾಲದಲ್ಲಿ ನಮ್ಮ ಮಲೆನಾಡಿನವರು ಕಂಬಳಿಯ ಕೊಪ್ಪೆಯನ್ನು ತಲೆಯ ಮೇಲೆ ಹಾಕಿಕೊಳ್ಳುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾದೀತು. ಇಂಗ್ಲಿಷಿನವರು ಇದನ್ನು ಬಾನ್ನಿಯ ಹುಡ್ ಎಂದು ಕರೆದರು. ಕನ್ನಡದಲ್ಲಿ ಬಾನ್ನಿಯ ಕೊಪ್ಪೆ ಎಂದರೆ ತಪ್ಪೇನೂ ಇಲ್ಲ. ಹೀಗೆ ಹೊಲಿದಾಗ ಗಾಯದ ಗೆರೆ ಕರುಳಿನ ದಾರಿಯಿಂದ ದೂರವಾಗಿ ಮುಂಭಾಗಕ್ಕೆ ಬಂದು ಕುಳಿತುಕೊಳ್ಳುತ್ತದೆ.

ಎಲ್ಲ ಗಡ್ಡೆಗಳೂ ಹೀಗೆ ಹೇಳಿದಂತೆ ಕೇಳುವುದಿಲ್ಲ. ಗರ್ಭಕೋಶದ ಕೊರಳಿನಲ್ಲಿ ಹುಟ್ಟುವ ಗಡ್ಡೆ ಅಪರೂಪದ್ದು. ಹುಟ್ಟಿದರೆ ಶಸ್ತ್ರವೈದ್ಯನಿಗೆ ಪರೀಕ್ಷೆ. ಅದು ಬೆಳೆಯುತ್ತ ಬೆಳೆಯುತ್ತ ಕಟಿಕುಹರವನ್ನೆಲ್ಲ ತುಂಬಿ, ದೇವಾಲಯದ ಶಿಖರದ ಮೇಲೆ ಕಳಶವಿಟ್ಟಂತೆ ಚಿಕ್ಕ ಗರ್ಭಕೋಶವನ್ನು ತನ್ನ ತಲೆಯ ಮೇಲೆ ಹೊತ್ತು ನಿಲ್ಲುತ್ತದೆ. ಇಕ್ಕಳ ಹಾಕುವುದಕ್ಕೆ ಜಾಗವೇ ಉಳಿಯುವುದಿಲ್ಲ. ಮೂತ್ರಕೋಶ ಮೇಲಕ್ಕೆ ಎಳೆದುಕೊಂಡಿರುತ್ತದೆ. ಮೂತ್ರಪಿಂಡದಿಂದ ಇಳಿಯುವ ನಾಳಗಳು ತಮ್ಮ ಎಂದಿನ ಸ್ಥಾನದಲ್ಲಿ ಇರುವುದಿಲ್ಲ. ಪಕ್ಕದ ಅಗಲ ಬಂಧನಿಯ ಮಡಿಕೆಗಳ ನಡುವೆ ಬೆಳೆಯುವ ಗಡ್ಡೆಯೂ ಇದೇ ಜಾತಿಯ ಉಪದ್ರವಿ. ಇಂಥಲ್ಲಿ ಕಾಪಾಡುವ ಸೂತ್ರ ಒಂದೇ: ಮೊದಲು ಕೋಶವನ್ನು ಸೀಳಿ, ಆಮೇಲೆ ಅದರ ಒಳಗೇ ಇದ್ದುಕೊಂಡು ಗಡ್ಡೆಯನ್ನು ಬಿಡಿಸಬೇಕು. ಆ ನಾಳಗಳು ಎಷ್ಟೇ ಸ್ಥಳ ಬದಲಿಸಿದ್ದರೂ ಕೋಶದ ಹೊರಗೇ ಇರುತ್ತವೆ. ಒಳಗೆ ಕೆಲಸಮಾಡುವವನ ಕತ್ತರಿಗೆ ಅವು ಸಿಕ್ಕಲಾರವು.

ಗಡ್ಡೆಗಳ ಸಂಖ್ಯೆ ಹೆಚ್ಚಾದರೆ ಗರ್ಭಕೋಶವನ್ನು ತೆಗೆಯಲೇಬೇಕು ಎಂದು ವಾದಿಸುತ್ತಿದ್ದವರಿಗೂ ಬಾನ್ನಿ ಕೈಯಿಂದಲೇ ಉತ್ತರ ಕೊಟ್ಟನು. ಒಮ್ಮೆ ಒಂದೇ ಗರ್ಭಕೋಶದಿಂದ 225 ಗಡ್ಡೆಗಳನ್ನು ಆರಿಸಿ ತೆಗೆದು, ಆ ಗರ್ಭಕೋಶವನ್ನು ಅದರ ಸ್ಥಾನದಲ್ಲಿಯೇ ಉಳಿಸಿದನು. ದಾಖಲೆಗಾಗಿ ಮಾಡಿದ ಸಾಹಸವೆಂದು ಯಾರಾದರೂ ಮೂಗು ಮುರಿಯಬಹುದು. 1946ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಆತನು ಕೊಟ್ಟ ಲೆಕ್ಕವನ್ನು ಮಾತ್ರ ಹಾಗೆ ತಳ್ಳಿಹಾಕುವಂತಿಲ್ಲ: ಒಟ್ಟು 806 ಮಯೋಮೆಕ್ಟಮಿಗಳು, ತೀರಿಕೊಂಡವರು 9 ಮಂದಿ, ಅಂದರೆ ನೂರಕ್ಕೆ ಸುಮಾರು 1.1. ಇದರಲ್ಲಿ ಬಹುಪಾಲು ಪೆನಿಸಿಲಿನ್ನಿಗೆ ಮೊದಲಿನ ಕಾಲದ್ದೆಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ. ಅಂಡಾಶಯದ ನೀರುಗಡ್ಡೆಗಳ ವಿಷಯದಲ್ಲಿಯೂ ಆತನದು ಇದೇ ನೀತಿ. ಗಡ್ಡೆಯನ್ನು ಸುಲಿದು ತೆಗೆದು ಅಂಡಾಶಯವನ್ನು ಉಳಿಸುವ ಕ್ರಮವನ್ನೂ ಅದೇ ಪುಸ್ತಕದಲ್ಲಿ ವಿವರಿಸಿದ್ದಾನೆ.

ಇದನ್ನೆಲ್ಲ ಓದಿ ಬಾನ್ನಿ ಕತ್ತರಿ ಹಿಡಿಯಲು ಅಂಜುವ ಮೃದುಹೃದಯಿ ಎಂದು ತಿಳಿಯಬಾರದು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ವಿಯೆನ್ನಾದ ವೆರ್ಟ್‌ಹೈಮ್ ರೂಪಿಸಿದ ಘೋರವಾದ ಶಸ್ತ್ರಕ್ರಿಯೆಯನ್ನು ಇಂಗ್ಲೆಂಡಿನಲ್ಲಿ ಪಟ್ಟುಹಿಡಿದು ಬೆಳೆಸಿದವನು ಈತನೇ. ಅದರಲ್ಲಿ ಗರ್ಭಕೋಶವೊಂದೇ ಅಲ್ಲ, ಸುತ್ತಣ ಅಂಗಾಂಶವನ್ನೂ ಗ್ರಂಥಿಗಳನ್ನೂ ಕೆದಕಿ ತೆಗೆಯಬೇಕು. ಇಂಥ 500 ಶಸ್ತ್ರಕ್ರಿಯೆಗಳ ಫಲವನ್ನು ಆತನು ಲೋಕದ ಮುಂದಿಟ್ಟನು. ಏಳರಲ್ಲಿ ಒಬ್ಬಳಂತೆ ರೋಗಿಗಳು ಶಸ್ತ್ರಕ್ರಿಯೆಯಿಂದಲೇ ಸತ್ತಿದ್ದರು, ಅದನ್ನೂ ಮರೆಮಾಚಲಿಲ್ಲ. ಮಾಡದಿದ್ದರೆ ಅವರಿಗೆ ಸಾವು ನಿಶ್ಚಿತವೆಂಬುದು ಆತನ ಸಮಾಧಾನ. ತೆಗೆಯಲೇಬೇಕಾದಲ್ಲಿ ನಿರ್ದಾಕ್ಷಿಣ್ಯವಾಗಿ ತೆಗೆಯುತ್ತಿದ್ದ ಕೈಯೇ ಉಳಿಸಬಹುದಾದಲ್ಲಿ ಗಂಟೆಗಟ್ಟಲೆ ಕುಳಿತು ಹೊಲಿಯುತ್ತಿತ್ತು. ನನಗೆ ಈತನಲ್ಲಿ ಬಹಳ ಮೆಚ್ಚುಗೆಯಾಗುವುದು ಈ ವಿವೇಚನೆಯೇ.

ಆತನ ಉಳಿದ ಕೆಲಸಗಳನ್ನು ಬೇಗನೆ ಹೇಳಿಬಿಡುತ್ತೇನೆ. 1911ರಲ್ಲಿ ಕಾಮಿನ್ಸ್ ಬರ್ಕ್ಲಿಯೊಡನೆ ಸ್ತ್ರೀರೋಗ ಶಸ್ತ್ರವಿದ್ಯೆಯ ದೊಡ್ಡ ಪಠ್ಯಪುಸ್ತಕವನ್ನು ಬರೆದನು. ಬಾನ್ನಿ ಒಳ್ಳೆಯ ಚಿತ್ರಕಾರನಾದ್ದರಿಂದ ಪುಸ್ತಕದ ಚಿತ್ರಗಳನ್ನು ತಾನೇ ಬರೆದನು. ಅನೇಕ ಆವೃತ್ತಿಗಳನ್ನು ಕಂಡ ಆ ಗ್ರಂಥ ಮುಂದೆ ಇತರರ ಕೈಯಲ್ಲಿ ಪರಿಷ್ಕೃತವಾಗುತ್ತ ಬಾನ್ನಿಯ ಹೆಸರಿನಲ್ಲಿಯೇ ಉಳಿದುಕೊಂಡಿತು. ಬ್ರೌನಿಂಗ್ ಎಂಬ ವಿಜ್ಞಾನಿಯೊಡನೆ ಸೇರಿ ಎರಡು ಬಣ್ಣಗಳನ್ನು ಬೆರೆಸಿ ಚರ್ಮವನ್ನು ಕ್ರಿಮಿರಹಿತ ಮಾಡುವ ದ್ರಾವಣವನ್ನು 1918ರಲ್ಲಿ ಪ್ರಕಟಿಸಿದನು; ಬಾನ್ನಿಯ ನೀಲಿ ಎಂದು ಅದು ಶಸ್ತ್ರಶಾಲೆಗಳಲ್ಲಿ ಬಹುಕಾಲ ಓಡಾಡಿತು. ಮೂತ್ರ ಹಿಡಿತ ತಪ್ಪುವ ರೋಗದ ಪರೀಕ್ಷೆಯೊಂದಕ್ಕೂ ಆತನ ಹೆಸರಿದೆ. ನಮ್ಮ ದೇಶದ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಈ ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಆನಿಯ ಕಥೆ ಬಾಯಿಪಾಠದಲ್ಲಿ ಸೇರಿಲ್ಲ.

ಬಾನ್ನಿಯ ಕ್ರಮವನ್ನು ಲೋಕ ತಟಕ್ಕನೆ ಒಪ್ಪಿಕೊಂಡಿತೇ ಎಂದರೆ ಇಲ್ಲ. ಮಯೋಮೆಕ್ಟಮಿ ಆದವರಲ್ಲಿ ಕೆಲವರಿಗೆ ಗಡ್ಡೆಗಳು ಮತ್ತೆ ಹುಟ್ಟುತ್ತವೆ, ಎಲ್ಲರಿಗೂ ಮಕ್ಕಳಾಗುವುದಿಲ್ಲ, ಆತನ ಕೈಚಳಕ ಎಲ್ಲರಿಗೂ ಬರುವುದಿಲ್ಲ. ಈ ಆಕ್ಷೇಪಣೆಗಳು ಸುಳ್ಳಲ್ಲ. ಆದರೂ ಹೊಸ ಸಾಧನಗಳು ಬಂದಂತೆ ಆತನ ಮಾತೇ ಮುಂದುವರಿಯಿತು. 1970ರ ದಶಕದಿಂದೀಚೆಗೆ ಹೊಟ್ಟೆಯನ್ನು ಕೊಯ್ಯದೆ, ಯೋನಿಮಾರ್ಗದಿಂದ ದರ್ಶಕನಳಿಕೆಯನ್ನು ತೂರಿಸಿ ಒಳಪೊರೆಯ ಗಡ್ಡೆಗಳನ್ನು ಕೆತ್ತಿ ತೆಗೆಯುವ ವಿಧಾನ ಬಂತು. ಬಳಿಕ ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ. 1995ರಲ್ಲಿ ಪ್ಯಾರಿಸ್ಸಿನ ರವಿನಾ ಮತ್ತು ಆತನ ಸಂಗಡಿಗರು ಗಡ್ಡೆಗೆ ರಕ್ತ ಹರಿಯುವ ನಾಳವನ್ನೇ ಒಳಗಿನಿಂದ ಮುಚ್ಚಿ ಅದನ್ನು ಸೊರಗಿಸುವ ಕ್ರಮವನ್ನು ಪ್ರಕಟಿಸಿದರು. ಹೊಟ್ಟೆಯನ್ನು ತೆರೆದು ಮಾಡುವಾಗಲೂ ಈಗ ಇಕ್ಕಳದ ಬದಲು ರಬ್ಬರ್ ನಳಿಕೆಯನ್ನು ಬಿಗಿಯುವುದು, ರಕ್ತನಾಳಗಳನ್ನು ಕುಗ್ಗಿಸುವ ಔಷಧಿಯನ್ನು ಚುಚ್ಚುವುದು ಹೆಚ್ಚಾಗಿದೆ.

ಇಷ್ಟೆಲ್ಲ ಆದಮೇಲೂ, ಬೇಡವಾದಲ್ಲಿ ಬಡ ಹೆಂಗಸರ ಗರ್ಭಕೋಶವನ್ನು ತೆಗೆಯುವ ಪಿಡುಗಿನ ವಿಷಯ ನಮ್ಮ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರಲ್ಲಿ ನ್ಯಾಯಾಲಯ ರಾಜ್ಯಗಳಿಗೆಲ್ಲ ಆದೇಶ ಕೊಡಬೇಕಾಯಿತು. ಗರ್ಭಕೋಶವನ್ನು ತೆಗೆಯಲೇಬೇಕಾದ ಸಂದರ್ಭಗಳೂ, ತೆಗೆಸಿಕೊಳ್ಳಲು ತಾವಾಗಿ ಬಯಸುವ ಸ್ತ್ರೀಯರೂ ಇದ್ದಾರೆ. ಅದು ಅವರ ಇಷ್ಟ. ಉಳಿಸುವ ದಾರಿ ಒಂದಿದೆಯೆಂದು ಕೇಳಿಯೇ ಇಲ್ಲದವಳ ಒಪ್ಪಿಗೆ ಎಂಥ ಒಪ್ಪಿಗೆ ಎಂಬುದು ಬೇರೆ ಪ್ರಶ್ನೆ.

ಸ್ವಭಾವದಲ್ಲಿ ಬಾನ್ನಿ ಹಟಮಾರಿ. 1929ರಲ್ಲಿ ಬ್ಲೇರ್-ಬೆಲ್ ಮತ್ತು ಫ್ಲೆಚರ್ ಶಾ ಮೊದಲಾದವರು ಪ್ರಸೂತಿ ಮತ್ತು ಸ್ತ್ರೀರೋಗ ವೈದ್ಯರಿಗಾಗಿ ಪ್ರತ್ಯೇಕವಾದ ಬ್ರಿಟಿಷ್ ಕಾಲೇಜನ್ನು ಸ್ಥಾಪಿಸಿದಾಗ, ದೇಶದ ಅಗ್ರಗಣ್ಯ ಸ್ತ್ರೀರೋಗ ಶಸ್ತ್ರವೈದ್ಯನಾದ ಈತನೇ ಅದನ್ನು ವಿರೋಧಿಸಿದನು. ಸ್ತ್ರೀರೋಗವಿದ್ಯೆ ಶಸ್ತ್ರವಿದ್ಯೆಯ ಮರದ ಒಂದು ಕೊಂಬೆ, ಅದನ್ನು ಕಡಿದು ಬೇರೆ ನೆಡಬಾರದೆಂದು ಆತನ ವಾದ. ತಾನು ರಾಯಲ್ ಶಸ್ತ್ರವೈದ್ಯರ ಕಾಲೇಜಿನ ಆಡಳಿತ ಸಭೆಯಲ್ಲಿ 1926ರಿಂದ ಇಪ್ಪತ್ತು ವರ್ಷ ಕುಳಿತನೇ ಹೊರತು ಹೊಸ ಕಾಲೇಜಿನ ಹೊಸ್ತಿಲು ತುಳಿಯಲಿಲ್ಲ. ಈ ವಾದದಲ್ಲಿ ಆತನು ಸೋತನೆಂದೇ ಹೇಳಬೇಕು; ಹೊಸ ಕಾಲೇಜು ಬೆಳೆದು ನಿಂತಿತು. ಸೋಲಿನಿಂದ ಕೆಟ್ಟದ್ದೇನೂ ಆಗಲಿಲ್ಲವೆಂದು ನನಗೆ ತೋರುತ್ತದೆ. ಕೊನೆಗೆ 1946ರಲ್ಲಿ ಆ ಕಾಲೇಜು ಆತನಿಗೆ ಗೌರವ ಫೆಲೋ ಪದವಿಯನ್ನು ನೀಡಿತು, ಆತನೂ ಸ್ವೀಕರಿಸಿದನು. ಎರಡು ಕಡೆಯವರೂ ದೊಡ್ಡವರಾಗಿ ನಡೆದುಕೊಂಡರು.

ಆಸ್ಪತ್ರೆಯಿಂದ ನಿವೃತ್ತನಾದ ಮೇಲೂ ಬಾನ್ನಿ ಬರೆಯುವುದನ್ನು ಬಿಡಲಿಲ್ಲ. 806 ಶಸ್ತ್ರಕ್ರಿಯೆಗಳ ಲೆಕ್ಕವನ್ನೊಪ್ಪಿಸಿದ ಪುಸ್ತಕ ಹೊರಬಿದ್ದಾಗ ಆತನಿಗೆ ಎಪ್ಪತ್ತು ದಾಟಿತ್ತು. ಬಿಡುವಿನ ವೇಳೆಯಲ್ಲಿ ಜಲವರ್ಣದ ಚಿತ್ರಗಳನ್ನು ಬರೆಯುವುದು, ಹೆರಿಫರ್ಡ್‌ಷೈರಿನಲ್ಲಿ ವೈ ನದಿಯ ದಡದಲ್ಲಿ ಗಾಳ ಹಾಕಿ ಮೀನಿಗಾಗಿ ಕಾಯುವುದು ಆತನಿಗೆ ಪ್ರಿಯವಾದ ಹವ್ಯಾಸಗಳು. 1953ರ ಜುಲೈ ತಿಂಗಳಲ್ಲಿ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ವಿಕ್ಟರ್ ಬಾನ್ನಿ ತೀರಿಕೊಂಡನು. ಸ್ವಂತ ಮಕ್ಕಳಿರಲಿಲ್ಲ. ಆತನ ಶಸ್ತ್ರಕ್ರಿಯೆಯ ಅನಂತರ ಗರ್ಭ ಧರಿಸಿ ಹೆತ್ತ ತಾಯಂದಿರ ಮಕ್ಕಳು ಆಗ ಇಂಗ್ಲೆಂಡಿನಲ್ಲಿ ಬೆಳೆದು ದೊಡ್ಡವರಾಗುತ್ತಿದ್ದರು.